ಮೂರು ಊರು ಓದಿದ ಕಾಗದ

ಅಮರಮ್ಮ ಪಗಾರದ ಮಾತಿನಲ್ಲಿ ಚೌಕಾಸಿ ಮಾಡಲಿಲ್ಲ. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ಆಗ ಲಿಂಗಸುಗೂರಿನಲ್ಲಿ ಹಗಲು ಹೊತ್ತು ಕೂಸು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ ಐದು ಸಾವಿರ ಕೊಡುತ್ತಿದ್ದರು. ನಾನು ಒಂಬತ್ತು ಹೇಳಿದೆ. ಭಾನುವಾರ ರಜೆ, ದೀಪಾವಳಿಗೆ ಒಂದು ತಿಂಗಳ ಪಗಾರ ಹೆಚ್ಚು, ಜ್ವರ ಬಂದು ಮಲಗಿದರೆ ಆ ದಿನದ್ದು ಹಿಡಿಯುವುದಿಲ್ಲ, ಔಷಧದ ಖರ್ಚು ನಮ್ಮದು. ಇಷ್ಟನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಆಕೆಯ ಮುಖ ನೋಡಿದೆ. ಖುಷಿಪಡಬೇಕಿತ್ತು, ಇಲ್ಲವೇ ಇನ್ನೊಂದು ಸಾವಿರಕ್ಕೆ ಜಗ್ಗಬೇಕಿತ್ತು. ಎರಡೂ ಮಾಡಲಿಲ್ಲ. ಕೂಸಿಗೆ ಎಷ್ಟು ತಿಂಗಳು, ಬಾಟ್ಲಿ ಹಾಲು ಕುಡಿಯುತ್ತದೆಯೇ, ಮನೆಯಲ್ಲಿ ನಾಯಿ ಇದೆಯೇ ಎಂದು ಮೂರೇ ಮೂರು ಮಾತು ಕೇಳಿ, ನಾಳೆಯಿಂದ ಬರುತ್ತೇನೆಂದು ಹೇಳಿ ಎದ್ದು ಹೋದಳು.

ನಾನು ಇಲ್ಲಿಯ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹೆಸರು ಸುಕನ್ಯಾ. ಗಂಡ ಶಿವಪ್ರಸಾದ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಅವನ ಪಾಳಿ ವಾರ ವಾರಕ್ಕೆ ಬದಲಾಗುತ್ತದೆ, ಒಮ್ಮೆ ನೆಲದ ಕೆಳಗೆ ಇಳಿದನೆಂದರೆ ಫೋನು ಹತ್ತುವುದಿಲ್ಲ. ಅತ್ತೆ ಮುದಗಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮಗಳನ್ನು ನೋಡಿಕೊಳ್ಳಲು ಬರುತ್ತೀರಾ ಎಂದು ಕೇಳಿದ್ದಕ್ಕೆ, ನಿನ್ನದಷ್ಟೇ ನೌಕರಿಯಾ ಎಂದು ಅವರು ನನ್ನ ಬಾಯಿ ಮುಚ್ಚಿಸಿದ್ದರು. ಅದು ನ್ಯಾಯವೇ. ಆದರೆ ನನ್ನ ಹೆರಿಗೆ ರಜೆ ಮುಗಿದು, ಮಗುವಿನ ಹೆಸರಿನಲ್ಲಿ ಸಿಗುವ ಉಳಿದ ರಜೆಯೂ ಮುಗಿದು, ಪರೀಕ್ಷೆ ಮುಂದೆ ಬಂದು ನಿಂತಿತ್ತು. ಇನ್ನೊಂದು ದಿನ ತಪ್ಪಿಸಿದರೆ ಮೇಲಿನವರಿಗೆ ಬರೆಯುತ್ತೇನೆಂದು ಪ್ರಾಂಶುಪಾಲರು ನಗುತ್ತಲೇ ಹೇಳಿದ್ದರು. ನಗುತ್ತಾ ಹೆದರಿಸುವವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಅಮರಮ್ಮ ನಾಲ್ಕನೆಯವಳು. ಮೊದಲನೆಯವಳು ಹಾಲಿನ ಪುಡಿ ಮನೆಗೆ ಒಯ್ಯುತ್ತಾಳೆಂದು ನನಗೆ ಅನ್ನಿಸಿತು. ಅದು ಸಾಬೀತಾಗುವ ಮೊದಲೇ ಆಕೆ ಬಿಟ್ಟಳು. ಎರಡನೆಯವಳು ಕೂಸನ್ನು ಟಿವಿ ಮುಂದೆ ಕೂರಿಸಿ ಮಲಗುತ್ತಿದ್ದಳು. ಮೂರನೆಯವಳು ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋಗಿಬಿಟ್ಟಿದ್ದಳು, ಪುಣ್ಯಕ್ಕೆ ಆ ಹೊತ್ತಿಗೆ ಶಿವಪ್ರಸಾದ ಮನೆಯಲ್ಲಿದ್ದ. ಇಷ್ಟಾದ ಮೇಲೆ ಯಾರಿಗಾದರೂ ಅನುಮಾನದ ಚಟ ಹತ್ತುತ್ತದೆ. ನನಗೆ ಅದು ಮೊದಲೇ ಇತ್ತು ಎಂದು ಶಿವಪ್ರಸಾದ ಹೇಳುತ್ತಾನೆ.

ನಮ್ಮದು ಬೌದ್ಧ ಮನೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿವೆ. ನಮ್ಮ ಮನೆತನದಲ್ಲಿ ಅಜ್ಜನ ಕಾಲದ ತನಕ ಮಂದಿಯ ಮನೆಗೆ ದುಡಿಯಲು ಹೋದವರೇ ಎಲ್ಲ, ದುಡಿಯುವವರನ್ನು ಮನೆಗೆ ಕರೆಸಿಕೊಂಡವರಲ್ಲಿ ನಾನೇ ಮೊದಲು. ಹಾಗಾಗಿ ಗೌಡಕಿ ನಡೆಸಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಆಯಾಗಳನ್ನು ಹೋಗ್ರಿ ಬರ್ರಿ ಎಂದೇ ಮಾತಾಡಿಸುತ್ತಿದ್ದೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ರೇಣುಕಾದೇವಿ ಮೇಡಂಗೆ ಒಂಬತ್ತು ಸಾವಿರದ ಸುದ್ದಿ ಮುಟ್ಟಿದಾಗ, ಊರಿನ ರೇಟು ಕೆಡಿಸಿದೆ ಎಂದು ಬೈದರು. ಆಮೇಲೆ ದನಿ ತಗ್ಗಿಸಿ, ಅಷ್ಟು ಕೊಟ್ಟರೂ ಆಕೆ ಹಿಗ್ಗಲಿಲ್ಲವೆಂದರೆ ಕಣ್ಣು ಬೇರೆ ಯಾವುದರ ಮೇಲೋ ಇದೆ, ನೋಡಿಕೋ ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಕೆ ಮಸ್ಕಿಯವಳು. ಐವತ್ತು ದಾಟಿದ ಎತ್ತರದ ಆಳು, ಕೈಕಾಲು ಗಟ್ಟಿ, ಮಾತು ಕಡಿಮೆ. ಮೊದಲು ಸಿಂಧನೂರಿನಲ್ಲಿ ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಎರಡು ಮಕ್ಕಳನ್ನು ದೊಡ್ಡದು ಮಾಡಿದ್ದಳಂತೆ. ಈಗ ವಿಧವೆ ಅತ್ತಿಗೆ ಯಂಕಮ್ಮನ ಜೊತೆ ಲಿಂಗಸುಗೂರಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಕೆಲಸದಲ್ಲಿ ಬೆರಳು ತೋರಿಸುವ ಹಾಗಿರಲಿಲ್ಲ. ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ನಾನು ಗಂಟೆಗಟ್ಟಲೆ ಹಿಂದೆ ಬಿದ್ದರೂ ಬಾಯಿ ಬಿಡದ ಮಗಳು ಮೈತ್ರಿ, ಆಕೆಯ ಕೈಯಿಂದ ಮೆತ್ತಗಿನ ಅನ್ನ ಸಾರು ಗಟಗಟ ನುಂಗುತ್ತಿದ್ದಳು. ಸಂಜೆ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, ಹೋಗುವ ಬಸ್ಸುಗಳನ್ನು ಇದು ರಾಯಚೂರಿಂದು, ಇದು ಮುದಗಲ್ಲಿಂದು ಎಂದು ಹೇಳಿಕೊಡುತ್ತಿದ್ದಳು. ಆಕೆಗೆ ಓದಲು ಬರುವುದಿಲ್ಲ. ಹೊತ್ತು ಮತ್ತು ಡ್ರೈವರನ ಮುಖ ನೋಡಿ ಹೇಳುತ್ತಿದ್ದಳು, ತಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಮುಳ್ಳು ಇತ್ತು. ಅಮರಮ್ಮ ನಮ್ಮ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಮೊದಲ ದಿನ ನಾನೇ ತಟ್ಟೆ ಹಚ್ಚಿ ಕರೆದೆ. ನನ್ನ ಬುತ್ತಿ ಇದೆ ಎಂದು ಹಿತ್ತಲ ಕಟ್ಟೆಯ ಮೇಲೆ ಕೂತು, ಬಟ್ಟೆ ಬಿಚ್ಚಿ, ಸಜ್ಜೆ ರೊಟ್ಟಿ ಮುರಿದಳು. ಎರಡನೆಯ ದಿನವೂ ಹಾಗೇ. ಚಹಾ ಕೊಟ್ಟರೆ ಪಿತ್ತ ಆಗುತ್ತದೆ ಎಂದಳು. ನೀರು ಕೂಡ ತನ್ನದೇ ಬಾಟ್ಲಿಯದು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಸಣ್ಣವಳಿದ್ದಾಗ ಅಪ್ಪನ ಜೊತೆಗಿನ ಮಾಸ್ತರುಗಳು ನಮ್ಮ ಮನೆಗೆ ಬಂದರೆ ಎಲ್ಲರಿಗೂ ಅದೇ ಹೊತ್ತಿಗೆ ಹೊಟ್ಟೆ ತುಂಬಿರುತ್ತಿತ್ತು, ಎಲ್ಲರಿಗೂ ಪಿತ್ತವೇ ಇರುತ್ತಿತ್ತು. ಆ ನೆವಗಳನ್ನೆಲ್ಲ ಕೇಳುತ್ತಲೇ ನಾನು ದೊಡ್ಡವಳಾದದ್ದು. ಈಗ ನನ್ನದೇ ಮನೆಯಲ್ಲಿ, ನನ್ನಿಂದ ಪಗಾರ ತೆಗೆದುಕೊಂಡು, ಗೋಡೆಯ ಪಟ ನೋಡಿ ಈಕೆಯೂ ಅದನ್ನೇ ನಡೆಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಬಾಯಿ ಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಆಕೆ ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ, ಹೌದು ಎಂದುಬಿಟ್ಟರೆ ಏನು ಮಾಡಲಿ ಎಂಬ ಭಯ ಇನ್ನೊಂದು ಕಡೆ. ಅದರ ಬದಲು ನಾಚಿಕೆಗೇಡಿನ ಒಂದು ಕೆಲಸ ಮಾಡಿದೆ. ಹಳೆಯ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, ಡಬ್ಬಿಗಳ ಹಿಂದೆ ಇಟ್ಟು ಕಾಲೇಜಿಗೆ ಹೋದೆ. ಸಂಜೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. ಎರಡು ತಾಸು ಬರೀ ಲಾಲಿ, ಕೂಸಿನ ನಗು, ಕುಕ್ಕರಿನ ಸೀಟಿ. ಕಡೆಗೆ ಮೈತ್ರಿ ತನ್ನ ತುತ್ತನ್ನು ಆಕೆಯ ಬಾಯಿಗೆ ಒಡ್ಡಿರಬೇಕು. ಅಮರಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು: "ನೀ ಉಣ್ಣವ್ವ. ನಿಮ್ಮನಿ ಅನ್ನ ನನಗ ಬ್ಯಾಡ."

ಆವತ್ತಿನಿಂದ ನಾನು ಆಕೆಯ ಜೊತೆ ನಗುವುದನ್ನು ಬಿಟ್ಟೆ. ಬಿಡಿಸಲು ಧೈರ್ಯವಿರಲಿಲ್ಲ. ಆಕೆ ಬಂದಾಗಿನಿಂದ ಮೈತ್ರಿ ಮೈ ತುಂಬಿಕೊಂಡಿದ್ದಳು, ನಾನು ಒಂದು ದಿನವೂ ತರಗತಿ ತಪ್ಪಿಸಿರಲಿಲ್ಲ. ಇದೊಂದು ಲೆಕ್ಕದ ಸಂಬಂಧ, ಲೆಕ್ಕದಲ್ಲೇ ಇರಲಿ ಎಂದುಕೊಂಡೆ. ಒಂದು ತಿಂಗಳು ತುಂಬಿದ ದಿನ, ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಕಾಗದದ ಮೇಲೆ ತರಲು ಕೂತೆ. ನ್ಯಾಯವಾಗಿ ನಡೆಯುವವರು ಬರೆದು ಕೊಡಲು ಹೆದರಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುವವಳು ನಾನು. ಪಗಾರ, ರಜೆ, ದೀಪಾವಳಿಯ ಹೆಚ್ಚಿನ ತಿಂಗಳು, ಔಷಧದ ಖರ್ಚು ಎಲ್ಲ ಬರೆದೆ. ಆಕೆ ಬಿಡುವುದಿದ್ದರೆ ತಿಂಗಳು ಮೊದಲು ಹೇಳಬೇಕು, ನಾವು ಬಿಡಿಸುವುದಿದ್ದರೆ ತಿಂಗಳ ಪಗಾರ ಕೊಟ್ಟು ಬಿಡಿಸಬೇಕು ಎಂದೂ ಬರೆದೆ. ಊಟ ಚಹಾ ಎಂಬ ಒಂದು ಸಾಲೂ ಇತ್ತು. ಅದನ್ನು ಎರಡು ಸಲ ಓದಿ ಹೊಡೆದು ಹಾಕಿದೆ. ನಮ್ಮ ಮನೆಯ ಅನ್ನ ಬೇಡ ಎನ್ನುವವಳಿಗೆ ಊಟದ ಸಾಲು ಯಾಕೆ?

ಬಿಳಿ ಹಾಳೆ ಸಾಕಿತ್ತು. ಆದರೆ ಸಿಟ್ಟು ಮತ್ತು ಆದರ್ಶ ಎರಡೂ ಕೂಡಿದರೆ ಮನುಷ್ಯ ದೊಡ್ಡದಾಗಿಯೇ ಏನಾದರೂ ಮಾಡುತ್ತಾನೆ. ಸರ್ಕಾರಿ ಮುದ್ರೆಯ ಬಾಂಡ್ ಪೇಪರ್ ತರಿಸಿ ಟೈಪು ಮಾಡಿಸಿ, ಕೆಳಗೆ ನನ್ನ ಹೆಸರು, ಹುದ್ದೆ ಹಾಕಿ ಸಹಿ ಮಾಡಿದೆ. ಸಂಜೆ ಆಕೆಯ ಮುಂದೆ ಕಾಗದ ಮತ್ತು ಶಾಯಿಯ ಡಬ್ಬಿ ಇಟ್ಟು, ಓದಿ ಹೇಳಿ, ಇಲ್ಲಿ ಹೆಬ್ಬೆಟ್ಟು ಒತ್ತಿರಿ ಎಂದೆ. ಅಮರಮ್ಮ ಕಾಗದದ ಮೇಲಿನ ಮುದ್ರೆಯನ್ನು ಬಹಳ ಹೊತ್ತು ನೋಡಿದಳು. ಮುಖದ ಬಣ್ಣ ಇಳಿಯಿತು. ನಾಳೆ ಒತ್ತುತ್ತೇನೆ ಎಂದು ಎದ್ದಳು. ನಾನು ಕೂಸಿನ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಆಕೆ ಹೋಗಿದ್ದಳು. ಶಾಯಿಯ ಡಬ್ಬಿ ಅಲ್ಲೇ ಇತ್ತು, ಕಾಗದ ಇರಲಿಲ್ಲ.

ಮರುದಿನ ಎಂಟಾಯಿತು, ಒಂಬತ್ತಾಯಿತು, ಅಮರಮ್ಮ ಬರಲಿಲ್ಲ. ಆಕೆಯ ಫೋನು ಬಂದ್ ಆಗಿತ್ತು. ಶಿವಪ್ರಸಾದ ಮೊದಲ ಪಾಳಿಗೆ ಇಳಿದಿದ್ದ. ಅದರ ಮರುದಿನದಿಂದ ನನಗೆ ಪರೀಕ್ಷೆಯ ಕೋಣೆಯ ಡ್ಯೂಟಿ, ತಪ್ಪಿಸುವ ಮಾತೇ ಇಲ್ಲ. ಅವತ್ತೊಂದು ದಿನಕ್ಕೆ ಪ್ರಾಂಶುಪಾಲರ ಕೈಕಾಲು ಹಿಡಿದು ರಜೆ ಪಡೆದೆ. ಆಗ ನನ್ನ ತಲೆ ಓಡಿದ ದಿಕ್ಕುಗಳನ್ನು ಹೇಳಲು ಈಗಲೂ ಮುಜುಗರವಾಗುತ್ತದೆ. ಸರ್ಕಾರಿ ನೌಕರಿಯವಳ ಸಹಿ ಇರುವ ಬಾಂಡ್ ಪೇಪರ್ ಒಬ್ಬಳು ಎತ್ತಿಕೊಂಡು ಹೋಗಿದ್ದಾಳೆ. ಸಹಿಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಲಕ್ಷ ಸಾಲ ಪಡೆದಿದ್ದೇನೆಂದು ಬರೆದುಕೊಂಡರೆ? ಚೌಕಾಸಿ ಮಾಡದೆ ಒಪ್ಪಿದ್ದು, ಋಣ ಬೇಡವೆಂದು ಅನ್ನ ಮುಟ್ಟದೆ ಇದ್ದದ್ದು, ಎಲ್ಲ ಇದಕ್ಕೇ ಎಂದು ಒಂದಕ್ಕೊಂದು ತಾಳೆಯಾಗತೊಡಗಿತು.

ಮೈತ್ರಿಯನ್ನು ಸೊಂಟಕ್ಕೆ ಹಾಕಿಕೊಂಡು ಆಕೆಯ ಕೋಣೆ ಹುಡುಕಿ ಹೋದೆ. ಅತ್ತಿಗೆ ಯಂಕಮ್ಮ ಅರ್ಧ ಬಾಗಿಲು ತೆರೆದು, ಉಳಿದರ್ಧಕ್ಕೆ ಅಡ್ಡ ನಿಂತು, ನಾನು ಯಾರು, ಯಾಕೆ ಬೇಕು, ಯಾರು ಕಳಿಸಿದರು ಎಂದು ವಿಚಾರಿಸಿದಳು. ನನಗಿಂತ ಒಂದು ಕೈ ಮೇಲಿನ ಅನುಮಾನದವಳು. ಕಡೆಗೆ ಕೂಸಿನ ಮುಖ ನೋಡಿ ಮೆತ್ತಗಾಗಿ, ನಿನ್ನೆ ಸಂಜೆ ಅಮರಮ್ಮ ಬಸ್‌ಸ್ಟ್ಯಾಂಡ್ ಎದುರಿನ ನಿಂಗರಾಜನ ಝೆರಾಕ್ಸ್ ಅಂಗಡಿಗೆ ಹೋಗಿದ್ದಳು, ಇವತ್ತು ಮೊದಲ ಬಸ್ಸಿಗೆ ಮಸ್ಕಿಗೆ ಹೋಗಿದ್ದಾಳೆ ಎಂದಷ್ಟು ಹೇಳಿ ಬಾಗಿಲು ಹಾಕಿದಳು.

ಝೆರಾಕ್ಸ್ ಎಂಬ ಮಾತು ಕೇಳಿದ್ದೇ ತಡ ಆ ಅಂಗಡಿಗೆ ಓಡಿದೆ. ನಿಂಗರಾಜ ನನ್ನ ಹಳೆಯ ವಿದ್ಯಾರ್ಥಿ. ಆಕೆ ಕಾಗದವನ್ನು ತನ್ನ ಕೈಯಲ್ಲಿ ಎರಡು ಸಲ ಓದಿಸಿದಳು, ಎಷ್ಟು ವರ್ಷ ಎಂದು ಬರೆದಿದೆ ಎಂದು ಕೇಳಿದಳು, ವರ್ಷದ ಮಾತೇ ಇಲ್ಲ ಎಂದರೆ ನಂಬಲಿಲ್ಲ ಎಂದ. ಪ್ರತಿ ತೆಗೆಸಿಕೊಂಡಳಾ ಎಂದು ಕೇಳಿದೆ. ಇಲ್ಲ ಎಂದ. ಇಲ್ಲ ಎನ್ನುವಾಗ ಅವನ ಕಣ್ಣು ಮಷಿನ್ನಿನ ಕಡೆ ಹೋಯಿತು. ನನಗೆ ಅಷ್ಟೇ ಸಾಕಾಯಿತು. ಸಿಂಧನೂರಿನ ಬಸ್ಸು ಹೊರಡುವುದರಲ್ಲಿತ್ತು, ಮಸ್ಕಿಗೆ ಟಿಕೆಟ್ ಕೇಳಿ ಹತ್ತಿ ಕೂತೆ. ಬಸ್ಸಿನಲ್ಲಿ ಮೈತ್ರಿ ಬಾಟ್ಲಿ ಮುಟ್ಟಲಿಲ್ಲ, ದಾರಿಯುದ್ದಕ್ಕೂ ಬಾಗಿಲ ಕಡೆ ನೋಡಿ ಅತ್ತಳು.

ಮಸ್ಕಿಯಲ್ಲಿ ಅಮರಮ್ಮನ ತವರಿನ ಓಣಿ ಶಾಸನದ ಗುಡ್ಡದ ಕಡೆಗಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಆ ಗುಡ್ಡಕ್ಕೆ ಕರೆತಂದು, ಅಶೋಕನ ಹೆಸರು ಕಲ್ಲಿನ ಮೇಲೆ ಸಿಕ್ಕಿದ ಜಾಗ ಇದು ಎಂದು ತೋರಿಸುತ್ತೇನೆ. ಆ ಓಣಿಯೊಳಗೆ ಮಾತ್ರ ಯಾವತ್ತೂ ಕಾಲಿಟ್ಟಿರಲಿಲ್ಲ. ಕೇಳಿದ ಕಡೆಯೆಲ್ಲ ಚಾಂದ್‌ಬೀಯನ್ನು ಕಾಣಿರಿ ಎಂದರು. ಚಾಂದ್‌ಬೀ ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ, ಅಮರಮ್ಮನ ಓರಗೆಯವಳು, ಸಣ್ಣಂದಿನಿಂದ ಜೊತೆಗೆ ಆಡಿದವಳು. ಮಕ್ಕಳ ನಡುವೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ನನ್ನ ಹೆಸರು ಹೇಳುತ್ತಿದ್ದಂತೆ, ಓ ಕಾಗದದ ಅಕ್ಕಾರು ನೀವೇನಾ ಎಂದಳು. ಬೆಳಗ್ಗೆ ಅಮರಮ್ಮ ಬಂದು ಓದಿಸಿಕೊಂಡು ಹೋದಳಂತೆ. ಒಳ್ಳೆಯ ಕಾಗದ, ಕಣ್ಣು ಮುಚ್ಚಿ ಒತ್ತು ಎಂದು ಚಾಂದ್‌ಬೀ ಹೇಳಿದಳಂತೆ. ಕಣ್ಣು ಮುಚ್ಚಿ ಎಂಬ ಮಾತಿಗೇ ಅಮರಮ್ಮ ಎದ್ದು ನಿಂತಳಂತೆ.

"ಝೆರಾಕ್ಸಿನಾಂವ ಓದಿದ್ದೂ ನಾ ಓದಿದ್ದೂ ಒಂದ ಐತಿ ಅಂದ್ಲು. ಮೂರನೇದವರ ಕಡೆ ಓದಸತೀನಿ ಅಂತ ಸಿಂಧನೂರಿಗೆ ಹೋಗ್ಯಾಳ," ಎಂದಳು ಚಾಂದ್‌ಬೀ. "ನಲವತ್ತು ವರ್ಷದ ಗೆಳೆತನ ನಮ್ಮದು. ನನ್ನೂ ನಂಬಂಗಿಲ್ಲ ಆಕಿ."

ಯಾಕೆ ಹೀಗೆ ಎಂದು ಕೇಳಿದೆ. ಚಾಂದ್‌ಬೀ ಮೊರ ಪಕ್ಕಕ್ಕಿಟ್ಟು ಹೇಳಿದಳು. ಅಮರಮ್ಮ ಒಂಬತ್ತು ವರ್ಷದವಳಿದ್ದಾಗ ಆಕೆಯ ಅಪ್ಪ ಗದ್ದೆಪ್ಪ ಕಾಲುವೆ ಕಡೆಯ ಒಬ್ಬ ಭತ್ತದ ಧಣಿಯ ಹತ್ತಿರ ಎಂಟುನೂರು ರೂಪಾಯಿ ತಂದ. ಅದಕ್ಕೆ ದೊಡ್ಡ ಮಗ ಯಮನೂರ ಎರಡು ವರ್ಷ ದುಡಿಯಬೇಕೆಂದು ಮಾತು. ಕಾಗದವನ್ನು ಧಣಿಯ ಗುಮಾಸ್ತನೇ ಓದಿ ಹೇಳಿದ, ಗದ್ದೆಪ್ಪ ಹೆಬ್ಬೆಟ್ಟು ಒತ್ತಿದ. ಎರಡು ವರ್ಷ ಕಳೆದು ಮಗನನ್ನು ಕರೆಯಲು ಹೋದರೆ ಕಾಗದದಲ್ಲಿ ಬೇರೆಯೇ ಇತ್ತು. ಎರಡು ಹೋಗಿ ಆರು ವರ್ಷವಾಯಿತು. ಯಮನೂರ ತಿರುಗಿ ಬಂದಾಗ ಮಂದಿಯ ಜೊತೆ ಮಾತಾಡುವುದನ್ನೇ ಬಿಟ್ಟಿದ್ದ. ಮದುವೆಯಾದ ಮೇಲೂ ಯಂಕಮ್ಮನ ಜೊತೆ ಬೇಕಾದಷ್ಟೇ ಮಾತಾಡಿ, ಹಾಗೇ ಒಂದು ದಿನ ತೀರಿಕೊಂಡ. ಅಂದಿನಿಂದ ಅಮರಮ್ಮನಿಗೆ ಒಂದು ನಿಯಮ. ರೇಷನ್ ಕಾರ್ಡೇ ಇರಲಿ, ಬ್ಯಾಂಕಿನ ಫಾರಮೇ ಇರಲಿ, ಒಬ್ಬರನ್ನೊಬ್ಬರು ಅರಿಯದ ಮೂವರು, ಮೂರು ಬೇರೆ ಊರಲ್ಲಿ ಓದಬೇಕು. ಮೂವರೂ ಒಂದೇ ಹೇಳಿದರೆ ಮಾತ್ರ ಕಾಗದ ಖರೆ.

ನನ್ನ ಅಜ್ಜ ಮುದಗಲ್ಲಿನ ಕಡೆ ಒಬ್ಬನ ಹೊಲದಲ್ಲಿ ಹದಿನಾಲ್ಕು ವರ್ಷ ಒಂದು ಹೆಬ್ಬೆಟ್ಟಿಗಾಗಿ ದುಡಿದವನು. ಆ ಕತೆ ಕೇಳದೆ ನಮ್ಮ ಮನೆಯಲ್ಲಿ ಒಂದು ಹಬ್ಬವೂ ಕಳೆಯುತ್ತಿರಲಿಲ್ಲ. ಆ ಅಜ್ಜನ ಮೊಮ್ಮಗಳಾದ ನಾನು ಮುದ್ರೆ ಇರುವ ಕಾಗದ ತಂದು, ಶಾಯಿಯ ಡಬ್ಬಿ ತೆರೆದು, ಓದು ಬಾರದ ಹೆಂಗಸಿಗೆ ನಾನೇ ಓದಿ ಹೇಳಿ, ಇಲ್ಲಿ ಒತ್ತು ಎಂದಿದ್ದೆ. ಒಳ್ಳೆಯ ಮಾತುಗಳನ್ನೇ ಬರೆದಿದ್ದೇನೆಂದು ನನಗೆ ಗೊತ್ತು. ಅದು ಆಕೆಗೆ ಹೇಗೆ ಗೊತ್ತಾಗಬೇಕು? ನಾಚಿಕೆಯಾಯಿತು.

ನಾಚಿಕೆಯಾಯಿತೆಂದು ಅನುಮಾನ ಹೋಯಿತೆಂದು ತಿಳಿಯಬೇಡಿ. ಸಿಂಧನೂರಿನ ಬಸ್ಸಿನಲ್ಲಿ ಕೂತಾಗ ಅದು ಮತ್ತೆ ಪಕ್ಕದಲ್ಲಿ ಬಂದು ಕೂತಿತು. ಓದಿಸುವುದಕ್ಕೆಂದೇ ಒಯ್ದಿದ್ದರೆ ನನಗೆ ಹೇಳಿ ಒಯ್ಯಬಹುದಿತ್ತಲ್ಲ? ಫೋನು ಯಾಕೆ ಬಂದ್ ಮಾಡಬೇಕಿತ್ತು? ಆ ಅನ್ನದ ಮಾತು? ಕಾಗದದ ಕತೆಗೂ ಅನ್ನ ಮುಟ್ಟದಿರುವುದಕ್ಕೂ ಏನು ಸಂಬಂಧ? ಅತ್ತು ಅತ್ತು ಸಾಕಾಗಿ ನಿದ್ದೆ ಹೋದ ಮೈತ್ರಿಯ ಬೆವರು ಒರೆಸುತ್ತಾ, ಸಿಕ್ಕರೆ ಇವತ್ತು ನೇರ ಕೇಳಿಯೇಬಿಡುತ್ತೇನೆ ಎಂದುಕೊಂಡೆ.

ಸಿಂಧನೂರಿನಲ್ಲಿ ಹುಡುಕುವ ಕಷ್ಟ ಬೀಳಲಿಲ್ಲ. ಚಾಂದ್‌ಬೀ ಹೇಳಿದ ಹಾಗೆ ತಾಲೂಕು ಕಚೇರಿಯ ಹೊರಗೆ ತಗಡಿನ ನೆರಳಲ್ಲಿ ಅರ್ಜಿ ಬರೆಯುವ ಗೋಪಣ್ಣ ಮೇಜು ಹಾಕಿಕೊಂಡು ಕೂತಿದ್ದ. ಎದುರಿನ ಬೆಂಚಿನ ಮೇಲೆ ಅಮರಮ್ಮ. ಮೇಜಿನ ಮೇಲೆ ನನ್ನ ಕಾಗದ. ಮೈತ್ರಿ ಕಣ್ಣು ಬಿಟ್ಟು ಆಕೆಯನ್ನು ಕಂಡವಳೇ ನನ್ನ ಸೊಂಟದಿಂದ ಜಿಗಿಯಲು ನೋಡಿದಳು. ಅಮರಮ್ಮ ಏನೂ ಆಗಿಲ್ಲ ಎಂಬಂತೆ ಕೈ ಚಾಚಿ ಕೂಸನ್ನು ತೆಗೆದುಕೊಂಡು, ಬಾಟ್ಲಿಗಾಗಿ ನನ್ನ ಚೀಲಕ್ಕೆ ಕೈ ಹಾಕಿದಳು. ಅರ್ಧ ನಿಮಿಷದಲ್ಲಿ ಕೂಸು ಹಾಲು ಕುಡಿಯತೊಡಗಿತು. ಬೆಳಗ್ಗೆಯಿಂದ ತಡೆದುಕೊಂಡಿದ್ದ ಸಿಟ್ಟೆಲ್ಲ ನನ್ನ ಬಾಯಿಗೆ ಬಂತು.

"ನನ್ನ ಸಹಿ ಇದ್ದ ಕಾಗದ ಹೇಳದ ಕೇಳದ ತಗೊಂಡು ಊರೂರು ತಿರಗಾಕತ್ತೀರಲ್ಲ ಅಮರಮ್ಮ. ನಾಳೆ ನನಗ ಡ್ಯೂಟಿ ಐತಿ, ಕೂಸಿನ್ನ ಯಾರ ಕೈಯಾಗ ಕೊಡಲಿ?"

"ಹೇಳಿದ್ರ ನೀವು ಒಬ್ಬಾಂವಗ ಫೋನ್ ಹಚ್ಚಿ ಹಿಂಗ ಓದು ಅಂತಿದ್ರಿ," ಎಂದಳು ಅಮರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಡಬ್ಬಿ ಹಿಂದ ಫೋನ್ ಇಟ್ಟು ಹೋಗಿದ್ರಿ. ನಾ ಏನರ ಕೇಳೀನೇನ್ರಿ?"

ಗೋಪಣ್ಣ ಕನ್ನಡಕ ಸರಿಮಾಡಿಕೊಂಡು ನಡುವೆ ಬಾಯಿ ಹಾಕಿದ. ಕಾಗದ ಚೆನ್ನಾಗಿದೆ, ಇಷ್ಟು ವರ್ಷದಲ್ಲಿ ಕೂಸು ಆಡಿಸುವವಳಿಗೆ ಇಂಥ ಕಾಗದ ಬರೆದುಕೊಟ್ಟವರನ್ನು ತಾನು ಕಂಡಿಲ್ಲ, ಆದರೆ ಒಂದು ತೂತು ಇದೆ ಎಂದ. ಊಟದ ಮಾತೇ ಇಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಇರುವವಳಿಗೆ ಊಟ ಮನೆಯವರದೋ ಅವಳದೋ? ಉಂಡರೆ ಪಗಾರದಲ್ಲಿ ಮುರಿಯುವವರೋ ಇಲ್ಲವೋ? ಬರೆದವರು ಬೇಕಂತಲೇ ಬಿಟ್ಟಿದ್ದಾರೆ ಎಂದು ತಾನು ಅಮರಮ್ಮನಿಗೆ ಹೇಳಿದ್ದಾಗಿಯೂ ತಿಳಿಸಿದ.

ಬೇಕಂತಲೇ ಬಿಟ್ಟದ್ದು ನಿಜವೇ ಆಗಿತ್ತು. ನಾನು ಹೇಳಿಯೇಬಿಟ್ಟೆ. "ನೀವು ನಮ್ಮನ್ಯಾಗ ನೀರು ಸೈತ ಮುಟ್ಟಲಿಲ್ಲ. ನಾವು ಯಾವ ಮಂದಿ ಅಂತ ನೋಡಿ ಹಿಂಗ ಮಾಡತೀರಿ ಅಂತ ಸಿಟ್ಟು ಬಂತು. ಅದಕ್ಕ ಬರೀಲಿಲ್ಲ."

ಅಮರಮ್ಮ ಬಾಟ್ಲಿ ಹಿಡಿದ ಕೈ ಅಲುಗಿಸದೆ ನನ್ನನ್ನು ನೋಡಿದಳು. "ನೀವು ಯಾವ ಮಂದಿ ಅಂತ ಮೊದಲ ದಿನಾನ ಗೊತ್ತಿತ್ರಿ, ಗ್ವಾಡಿ ಮ್ಯಾಲ ಐತಲ್ಲ. ನಮ್ಮಣ್ಣಗ ಎರಡು ವರ್ಷಕ್ಕ ಆರು ವರ್ಷ ಹೆಂಗಾತು ಗೊತ್ತೇನ್ರಿ? ಉಂಡ ರೊಟ್ಟಿ, ಕುಡದ ಚಾ, ಹೊತಗೊಂಡ ಕಂಬಳಿ, ಎಲ್ಲಾ ಬರಕೊಂಡಿದ್ರು. ಈ ಸಿಂಧನೂರಿನ ಮನ್ಯಾಗೂ ಮೊದಲ ಉಣ್ಣಾಕ ಕರದ್ರು, ಆಮ್ಯಾಲ ತಿಂಗಳಾ ಮುರಕೊಂಡ್ರು. ಹಿಡಿಯಂಗಿಲ್ಲ ಅಂತ ಗೊತ್ತಾಗೋ ತನಕ ನಾ ಯಾರ ಮನಿ ಅನ್ನಾನೂ ಉಣ್ಣಂಗಿಲ್ರಿ. ಗೌಡರದಾದ್ರೂ ಅಷ್ಟ, ನಿಮ್ಮದಾದ್ರೂ ಅಷ್ಟ."

ಆಕೆಗೆ ನಾನು ಧಣಿಗಳ ಸಾಲಿನ ಇನ್ನೊಬ್ಬಳು, ಅಷ್ಟೇ. ನನ್ನ ಜಾತಿ ಆಕೆಯ ಲೆಕ್ಕಕ್ಕೇ ಬಂದಿರಲಿಲ್ಲ. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಅಳು ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು ಗೋಪಣ್ಣನ ಪೆನ್ನು ತೆಗೆದುಕೊಂಡೆ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ ನಮ್ಮದು, ಅದಕ್ಕಾಗಿ ಪಗಾರದಲ್ಲಿ ಒಂದು ಪೈಸೆಯೂ ಮುರಿಯತಕ್ಕದ್ದಲ್ಲ ಎಂದು ಟೈಪಿನ ಸಾಲುಗಳ ಪಕ್ಕದ ಅಂಚಿನಲ್ಲಿ ಕೈಯಿಂದ ಬರೆದು, ಅದಕ್ಕೂ ಒಂದು ಸಹಿ ಹಾಕಿದೆ. ಅಮರಮ್ಮ ಗೋಪಣ್ಣನಿಂದ ಓದಿಸಿದಳು. ಆಮೇಲೆ ಕಚೇರಿಯಿಂದ ಹೊರಗೆ ಬರುತ್ತಿದ್ದ ಯಾರೋ ಅಪರಿಚಿತರನ್ನು ನಿಲ್ಲಿಸಿ ಅವರಿಂದಲೂ ಓದಿಸಿದಳು.

ಗೋಪಣ್ಣ ಶಾಯಿಯ ಪ್ಯಾಡು ಮುಂದೆ ಸರಿಸಿದ. ಆಕೆ ಅದನ್ನು ಮುಟ್ಟಲಿಲ್ಲ.

"ನಾ ಒತ್ತಂಗಿಲ್ರಿ ಅಕ್ಕಾರ. ಕಾಗದ ಮಾತ್ರ ನನ್ನ ಕಡೆ ಇರಲಿ. ನಾಳಿ ಒಂಬತ್ತಕ್ಕ ಬರತೀನಿ."

ನೀವು ಒತ್ತದಿದ್ದರೆ ಅದು ಎಂಥ ಕರಾರು ಎಂದು ಕೇಳಿದೆ. ನನ್ನ ದನಿ ನನಗೇ ಧಣಿಯ ಗುಮಾಸ್ತನದಂತೆ ಕೇಳಿಸಿತು.

"ನಮ್ಮಪ್ಪ ಒತ್ತಿದ, ಧಣಿ ಒತ್ತಲಿಲ್ಲ. ಕಾಗದಾನೂ ಧಣಿ ಸಂದೂಕಿನ್ಯಾಗ ಇತ್ತು," ಎಂದಳು ಅಮರಮ್ಮ. "ಒಮ್ಮಿ ದುಡಿಸಿಕೊಳ್ಳೋರು ಅಷ್ಟ ಒತ್ತಲ್ರಿ, ನಿಮ್ಮ ಸಹಿ ಐತಲ್ಲ."

ನಾನು ಕಾಗದ ನೋಡಿದೆ. ಸಹಿಯ ಕೆಳಗೆ ಆ ನಾಲ್ಕು ಬೆರಳು ಜಾಗ ಇನ್ನೂ ಖಾಲಿಯೇ ಇತ್ತು. ಅಡ್ಡ ಗೀಟು ಎಳೆದು ಅದನ್ನು ಮುಚ್ಚಿಬಿಡಬೇಕೆಂದು ಕೈ ತುರಿಸಿತು. ಪೆನ್ನು ಕೈಯಲ್ಲೇ ಇತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಅಮರಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬರೆದದ್ದನ್ನು ಆಕೆ ನಂಬಬೇಕು, ಆಕೆಯ ಕೈಯಲ್ಲಿ ನನ್ನ ಸಹಿಯನ್ನು ಮಾತ್ರ ನಾನು ನಂಬುವುದಿಲ್ಲ ಎಂದರೆ ಈ ಒಂಬತ್ತು ಸಾವಿರ, ಈ ದೀಪಾವಳಿ, ಈ ಹೋಗ್ರಿ ಬರ್ರಿ ಎಲ್ಲ ಯಾತಕ್ಕೆ? ಪೆನ್ನು ಮುಚ್ಚಿ ಗೋಪಣ್ಣನಿಗೆ ಕೊಟ್ಟೆ. ಆಕೆ ಕಾಗದ ಮಡಿಚಿ ಕುಪ್ಪಸದೊಳಗೆ ಸೇರಿಸಿದಳು. ನನ್ನ ಸಹಿಯ ಕೆಳಗಿನ ಆ ಖಾಲಿ ಜಾಗವೂ ಅದರ ಜೊತೆಗೆ ಹೋಯಿತು.

ಮರುದಿನ ಒಂಬತ್ತಕ್ಕೆ ಬಂದಳು. ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಅನ್ನ ಸಾರು ಉಂಡು, ಸಾರಿಗೆ ಹುಳಿ ಹೆಚ್ಚಾಗಿದೆ ಎಂದು, ಪಾಳಿ ಮುಗಿಸಿ ಬಂದ ಶಿವಪ್ರಸಾದನಿಗೆ ಹೇಳಿದಳಂತೆ. ನೀರು ಮಾತ್ರ ಇವತ್ತಿಗೂ ತನ್ನ ಬಾಟ್ಲಿಯದೇ. ಫಿಲ್ಟರಿನ ನೀರು ಸಪ್ಪೆ ಎನ್ನುತ್ತಾಳೆ. ನಿಜವಿರಬಹುದು, ಇರದೆಯೂ ಇರಬಹುದು, ನಾನು ಕೆದಕುವುದಿಲ್ಲ.

ಇದಾಗಿ ಮೂರು ವರ್ಷವಾಯಿತು. ಮೈತ್ರಿ ಈಗ ಶಾಲೆಗೆ ಹೋಗುತ್ತಾಳೆ, ಅಮರಮ್ಮನ ಪಗಾರ ಹನ್ನೆರಡಾಗಿದೆ. ಕಾಗದ ಎಲ್ಲಿಟ್ಟಿದ್ದಾಳೆಂದು ನನಗೆ ಗೊತ್ತಿಲ್ಲ, ಎರಡು ಸಲ ಸುತ್ತಿ ಬಳಸಿ ಕೇಳಿದರೂ ಹೇಳಲಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು, ಆಕೆ ಚಪ್ಪಲಿ ಬಿಡುವ ಮೊದಲೇ ನಾನು ಪಗಾರ ಕೈಗಿಡುತ್ತೇನೆ. ದೀಪಾವಳಿಯ ಹೆಚ್ಚಿನ ತಿಂಗಳು ಒಂದು ದಿನವೂ ತಡವಾಗಿಲ್ಲ. ಎಷ್ಟು ಒಳ್ಳೆಯವಳಮ್ಮ ನೀನು ಎಂದು ರೇಣುಕಾದೇವಿ ಮೇಡಂ ಹೇಳುತ್ತಾರೆ. ಅವರಿಗೇನು ಗೊತ್ತು. ನಾನು ಹೆದರಿಕೊಂಡು ಕೊಡುತ್ತೇನೆ.